ಓರೆ ಅಕ್ಷರದಲ್ಲಿ ಒಂದು ‘ಮಗ್’

ನಮ್ಮ ಮನೆಯ ಟೀವಿಯ ಪಕ್ಕದಲ್ಲಿ ಒಂದು ಪುಸ್ತಕವಿದೆ. ಅದಕ್ಕೆ ನಾನು ಹಳೆಯ ಪೇಪರಿನ ಹೊದಿಕೆ ಹಾಕಿದ್ದೇನೆ. ಶಾಲೆ ಶುರುವಾಗುವ ಹೊತ್ತಿಗೆ ಅಪ್ಪ ಹಾಕಿಕೊಡುತ್ತಿದ್ದಂತೆ ಮೂಲೆ ಮಡಚಿ, ಅನ್ನದ ಅಗುಳು ತಿಕ್ಕಿ ಅಂಟಿಸಿದ ಹೊದಿಕೆ. ನೋಡಿದವರು ಯಾವುದೋ ಪುರಾಣ ಅಂದುಕೊಳ್ಳುತ್ತಾರೆ. ಸಾವಾದ ಮನೆಯಲ್ಲಿ ಇನ್ನೇನು ಓದುತ್ತಾರೆ? ಪಕ್ಕದ ಮನೆಯ ಹಿರಿಯರೊಬ್ಬರು ದೂರದಿಂದಲೇ ಅದಕ್ಕೆ ಕೈಮುಗಿದು ಹೋದರು. ಅದು ಇಂಗ್ಲಿಷ್ ಕಾದಂಬರಿ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಹೊದಿಕೆ ಹಾಕಿದ್ದು ಪುಸ್ತಕ ಕೆಡಬಾರದೆಂದಲ್ಲ. ಮುಖಪುಟದ ಮೇಲೆ ಒಬ್ಬ ಹೆಂಗಸು ಬೆನ್ನು ಮಾಡಿ ನಿಂತಿದ್ದಾಳೆ. ತುರುಬು, ಹಸಿರು ಇಳಕಲ್ ಸೀರೆ, ಸೊಂಟದ ಮೇಲೊಂದು ಕೊಡ. ನಮ್ಮ ಹೆಣ್ಣುಮಕ್ಕಳನ್ನು ಇಂಗ್ಲಿಷ್ ಪುಸ್ತಕದವರು ಯಾಕೋ ಬೆನ್ನ ಕಡೆಯಿಂದಲೇ ನೋಡುತ್ತಾರೆ. ಮಧ್ಯಾಹ್ನ ಊಟ ಮುಗಿಸಿ ಕೂತಾಗ ಆಕೆ ಈಗ ತಿರುಗಿಯಾಳು, ಇನ್ನೇನು ತಿರುಗಿಯಾಳು ಅನ್ನಿಸಿ ಪುಸ್ತಕವನ್ನು ಬೋರಲು ಹಾಕುತ್ತಿದ್ದೆ. ತಿರುಗಿದರೆ ಶಾಲನ್ ಆಗಿರಬಹುದು ಎಂಬುದು ಒಂದು ಭಯ. ಆಗಿರಲಿಕ್ಕಿಲ್ಲ ಎಂಬುದು ಇನ್ನೊಂದು.

ಶಾಲನ್ ನನ್ನ ಹೆಂಡತಿ. ಹೋದ ಚಳಿಗಾಲದಲ್ಲಿ ತೀರಿಕೊಂಡಳು.

ಪುಸ್ತಕ ತಂದುಕೊಟ್ಟವಳು ಮಗಳು ಸುಜಾತಾ. ಬೆಳಗಾವಿಯ ಅಂಚಿನ ಹಿಂಡಲಗಾದಲ್ಲಿ ಅವಳ ಗಂಡನ ಮನೆ. ಅಲ್ಲಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ವಾರಕ್ಕೊಮ್ಮೆ ಊರೊಳಗೆ ಖಾಸಬಾಗದ ನನ್ನ ಮನೆಗೆ ಬಂದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು ನೋಡುತ್ತಾಳೆ, ನಿಟ್ಟುಸಿರು ಬಿಡುತ್ತಾಳೆ, ತುಂಬಿಸಿ ಹೋಗುತ್ತಾಳೆ. ಆವತ್ತು ಡಬ್ಬಿಗಳ ಕಡೆ ಹೋಗದೆ ನೇರವಾಗಿ ನನ್ನ ಮುಂದೆ ಬಂದು ಕೂತಳು.

“ಅಪ್ಪಾ, ಇದನ್ನ ಓದು. ಇದರಾಗ ನಮ್ಮ ಮನಿ ಐತಿ.”

“ನಮ್ಮ ಮನಿ? ಯಾರ ಬರದಾರ?”

“ಯಾರೋ ಪುಣೆದಾಕಿ. ನಮ್ಮ ಮನೀನ ಅಲ್ಲ, ನಮ್ಮಂಥಾ ಮನಿ.”

“ನಮ್ಮಂಥಾ ಮನಿ ನೋಡಾಕ ಇಂಗ್ಲಿಷ್ ಪುಸ್ತಕ ಯಾಕ ಬೇಕವಾ? ಕಿಡಕಿ ತಗದ್ರ ಸಾಲಾಗಿ ಕಾಣ್ತಾವ.”

“ನೀ ಓದಪಾ ಮೊದಲ. ಆಮ್ಯಾಲೆ ಚ್ಯಾಷ್ಟಿ ಮಾಡು.”

ನನ್ನ ಇಂಗ್ಲಿಷಿನ ಸಂಗತಿ ಇಲ್ಲಿ ಹೇಳಬೇಕು. ನಾನು ಕಲಿತದ್ದು ಹತ್ತನೆಯ ಇಯತ್ತೆ, ಕನ್ನಡ ಶಾಲೆ. ದುಡಿದದ್ದು ರವಿವಾರ ಪೇಟೆಯ ಒಂದು ಬೆಲ್ಲ, ಮೆಣಸಿನಕಾಯಿಯ ಸಗಟು ಅಂಗಡಿಯಲ್ಲಿ. ಹಾಗಾಗಿ ನನ್ನದು ಪೆಟ್ಟಿಗೆಗಳ ಮೇಲಿನ ಇಂಗ್ಲಿಷು. ‘ಈ ಮಗ್ಗುಲು ಮೇಲೆ’, ‘ಒಡೆಯುವ ವಸ್ತು’, ‘ನೀರು ತಾಗಿಸಬೇಡಿ’. ಇಷ್ಟು ಬಂದರೆ ಬಾಳು ಸಾಗುತ್ತದೆ ಎಂದು ನಂಬಿದ್ದೆ, ಸಾಗಿಯೂ ಇತ್ತು. ಕಾದಂಬರಿ ಓದಲು ಇದು ಸಾಲದು. ಮಗಳ ಹಳೆಯ ಡಿಕ್ಷನರಿ ಮಡಿಲಲ್ಲಿಟ್ಟುಕೊಂಡು, ಕಲ್ಲು ಆರಿಸಿ ಅಕ್ಕಿ ಹಸನು ಮಾಡಿದ ಹಾಗೆ ಒಂದೊಂದೇ ಶಬ್ದ ಆರಿಸುತ್ತ ಕೂತೆ. ಒಂದು ಪುಟ ಮುಗಿಯುವುದರೊಳಗೆ ಚಹಾ ಆರಿ ಕೆನೆಗಟ್ಟುತ್ತಿತ್ತು.

ಮೊದಮೊದಲು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಗಡಿಯ ಒಂದು ಊರು, ಕನ್ನಡ ಮಾತಾಡುವ ಒಬ್ಬ ವಕೀಲರ ಮನೆ, ಆ ಮನೆಗೆ ಕಾಡಂಚಿನ ಮರಾಠಿ ಊರಿನಿಂದ ಬಂದ ಸೊಸೆ. ಎರಡನೆಯ ಪುಟದಲ್ಲೇ ನಮ್ಮೂರ ಸಿಹಿ ಕುಂದಾ ಬಂತು. ಬೆಳಗಾವಿಯ ಕಡೆಯ ಕಥೆಗೆ ಅದು ಗಣಪತಿ ಪೂಜೆ ಇದ್ದಂತೆ, ಮಾಡದೆ ಮುಂದೆ ಹೋಗುವಂತಿಲ್ಲ. ಮೂರನೆಯ ಪುಟದಲ್ಲಿ ಭಾಕರಿ ಬಂತು. ಭಾಕರಿ ಎಂದರೇನೆಂದು ಪುಸ್ತಕದ ಕೊನೆಯಲ್ಲಿ ವಿವರಿಸಿದ್ದರು. ಹುದುಗು ಬಾರದ ಒರಟು ಧಾನ್ಯದ ಚಪ್ಪಟೆ ರೊಟ್ಟಿ ಎಂದು. ಹಸಿದವನು ಅದನ್ನು ಓದಿದರೆ ಎದ್ದು ಕೈತೊಳೆದುಕೊಂಡು ಹೋದಾನು.

ಆಮೇಲೆ ನಳ ಬಂತು. ಸಾರ್ವಜನಿಕ ನಲ್ಲಿಗೆ ನೀರು ಬಿಟ್ಟ ಕೂಡಲೇ ನಮ್ಮ ಓಣಿಯಲ್ಲಿ ಹೆಂಗಸರು ‘ನಳಾ ಬಂತು, ನಳಾ ಬಂತು’ ಎಂದು ಕೂಗುತ್ತಾರಲ್ಲ, ಅದನ್ನು ಆಕೆ ಇದ್ದದ್ದು ಇದ್ದ ಹಾಗೆ ಇಂಗ್ಲಿಷಿಗೆ ಹಾಕಿದ್ದಳು. ಓದಿದರೆ ನಳವೇ ಚಪ್ಪಲಿ ಮೆಟ್ಟಿಕೊಂಡು ಓಣಿಯಲ್ಲಿ ನಡೆದು ಬಂದಂತಿತ್ತು. ನಕ್ಕೆ. ನಕ್ಕಮೇಲೆ ಅಡುಗೆಮನೆಯ ಕಡೆ ನೋಡಿದೆ. ಏನಾದರೂ ಓದಿ ನಕ್ಕರೆ ‘ಏನ್ರಿ ಅದು, ನನಗೂ ಹೇಳ್ರಿ’ ಎಂದು ಅಲ್ಲಿಂದ ಒಂದು ದನಿ ಬರುತ್ತಿತ್ತು. ಆ ದನಿ ಈಗ ನನ್ನ ಕಿವಿಯಲ್ಲಿ ಪೂರ್ತಿ ಮೂಡುವುದಿಲ್ಲ. ಮಾತು ನೆನಪಿದೆ, ದನಿ ತೆಳ್ಳಗಾಗುತ್ತಿದೆ. ಇದು ನನ್ನನ್ನು ಬಹಳ ಹೆದರಿಸುವ ಸಂಗತಿ. ಫೋಟೋಗಳಿವೆ, ಸೀರೆಗಳಿವೆ. ಆದರೆ ಶಾಲನ್ ಅಂದರೆ ಅವಳ ಮಾತು. ಅವಳ ಮಾತೆಂದರೆ ಅವಳ ತಪ್ಪುಗಳು. ಅವನ್ನಾದರೂ ಕೆಡದಂತೆ ಕಾಪಾಡಬೇಕು ಎಂದು ದಿನಾ ಒಂದೊಂದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತ ಇರುತ್ತೇನೆ.

ಖಾನಾಪುರದ ಹುಡುಗಿ, ಮನೆಮಾತು ಮರಾಠಿ. ನಮ್ಮದು ಖಾಸಬಾಗದ ನೇಕಾರರ ಮನೆ, ಮನೆಯಲ್ಲಿ ಎರಡು ಮಗ್ಗ. ಮದುವೆಯಾಗುವ ಹಿಂದಿನ ವರ್ಷ ನನ್ನ ತಮ್ಮ ಬಸು ಕಾಮಾಲೆಯಾಗಿ ಹೋಗಿಬಿಟ್ಟಿದ್ದ. ಕಾಲೇಜಿಗೆ ಹೆಸರು ಹಚ್ಚಿದ್ದ ಹುಡುಗ. ಆಮೇಲೆ ನಮ್ಮ ಮನೆಯಲ್ಲಿ ಸದ್ದು ಮಾಡುತ್ತಿದ್ದುದು ಮಗ್ಗಗಳು ಮಾತ್ರ. ಮನೆಗೊಂದು ಸೊಸೆ ಬಂದರೆ ಅವ್ವ ಚೇತರಿಸಿಕೊಂಡಾಳು ಎಂದು ಹಿರಿಯರು ಅವಸರದಲ್ಲಿ ನನ್ನ ಮದುವೆ ಮಾಡಿದರು.

ಮರಾಠಿಯಲ್ಲಿ ‘ಮಗ್’ ಅಂದರೆ ‘ಆಮೇಲೆ’. ಕಥೆ ಕೇಳುವವರು ‘ಮಗ್?’ ಅನ್ನುತ್ತಾರೆ, ಮುಂದೇನಾಯಿತು ಎಂದು. ಮಾತು ಶುರುಮಾಡುವವರೂ ‘ಮಗ್’ ಅನ್ನುತ್ತಾರೆ, ನಾವು ‘ಮತ್ತ’ ಅಂದ ಹಾಗೆ. ಶಾಲನ್ ಬೇರೆ ಕನ್ನಡವನ್ನೆಲ್ಲ ಬೇಗ ಕಲಿತಳು, ಇದೊಂದು ಶಬ್ದ ಅವಳ ನಾಲಗೆ ಬಿಡಲಿಲ್ಲ.

ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಒಂದು ರಜೆಯ ದಿನ. ಅವ್ವ ಪಡಸಾಲೆಯಲ್ಲಿ ನೂಲು ಸುತ್ತುತ್ತ, ತವರಿನ ಎಮ್ಮೆ ಕಳೆದ ಕಥೆ ಹೇಳುತ್ತಿದ್ದಳು. ಶಾಲನ್ ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ.

“ಎಮ್ಮಿ ಹಗ್ಗ ಹರ್ಕೊಂಡು ಹೋತವಾ.”

“ಮಗ್?”

“ಮಗಾ ಅಲ್ಲ, ಎಮ್ಮಿ.”

“ಹೂಂ ರೀ, ಎಮ್ಮಿ. ಮಗ್?”

ಒಳಗಿನಿಂದ ಅಪ್ಪ ಗಾಬರಿಯಾಗಿ ಓಡಿ ಬಂದ. “ಏನಾತು ಮಗ್ಗಕ್ಕ? ಯಾರ ಮುಟ್ಟಿದ್ರಿ?”

ಅವ್ವನಿಗೆ ಮಗ ಕೇಳಿಸಿತ್ತು, ಅಪ್ಪನಿಗೆ ಮಗ್ಗ. ಅವ್ವ ಅಪ್ಪನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು, ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. ಬಸು ಹೋದಮೇಲೆ ಅವ್ವ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಂದೆ ಅದು ನಮ್ಮ ಮನೆಯ ಆಟವೇ ಆಯಿತು. ಬೀಗರು ಬಂದಾಗ, ನೆಂಟರು ಬಂದಾಗ ಶಾಲನ್ ‘ಮಗ್, ಚಾ ಕುಡೀತೀರಿ?’ ಅನ್ನುವುದು, ಮುದುಕರು ಸಹ ‘ನಮ್ಮನ್ನ ಮಗಾ ಮಾಡಿದ್ಲಲೋ ನಿನ್ನ ಹೆಂಡ್ತಿ’ ಎಂದು ನಗುವುದು. ಜನರ ಮುಂದೆ ನಾನು ಮಾಸ್ತರನಂತೆ ಬೆರಳೆತ್ತಿ, “ಮಗ್ ಅಲ್ಲ, ಮುಂದ ಅನ್ನು” ಎಂದು ತಿದ್ದುತ್ತಿದ್ದೆ. ಅವಳು ತಲೆ ಅಲ್ಲಾಡಿಸುತ್ತಿದ್ದಳು. ಮಾರನೆಯ ದಿನ ಮತ್ತೆ ಅದೇ. ಅವ್ವ ತೀರಿಕೊಂಡಮೇಲೂ, ಸುಜಾತಾಳಿಗೇ ಮಕ್ಕಳಾದಮೇಲೂ ಅದೇ. ದಡ್ಡಿ ಅನ್ನುತ್ತಿದ್ದೆ, ಪ್ರೀತಿಯಿಂದಲೇ.

ಈಗ ಪುಸ್ತಕಕ್ಕೆ ಬರುತ್ತೇನೆ.

ಒಂದು ಮಧ್ಯಾಹ್ನ ಪುಟ ತಿರುಗಿಸಿದೆ. ವಕೀಲರ ತಾಯಿ ಏನೋ ಹೇಳುತ್ತಿದ್ದಾಳೆ, ಹೊಸ ಸೊಸೆ ಕೇಳುತ್ತಿದ್ದಾಳೆ. ಅತ್ತೆ ಮಾತು ನಿಲ್ಲಿಸುತ್ತಾಳೆ. ಸೊಸೆ ಒಂದೇ ಶಬ್ದ ಅನ್ನುತ್ತಾಳೆ. ಆ ಪುಸ್ತಕದಲ್ಲಿ ನಮ್ಮ ಕಡೆಯ ಶಬ್ದಗಳನ್ನೆಲ್ಲ ಗಾಳಿಗೆ ಬಾಗಿದ ಜೋಳದ ದಂಟಿನಂತೆ ಓರೆ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಆ ಸಾಲಿನಲ್ಲಿ ಓರೆಯಾಗಿ ಮೂರು ಇಂಗ್ಲಿಷ್ ಅಕ್ಷರ ನಿಂತಿದ್ದವು, ಪಕ್ಕದಲ್ಲೊಂದು ಪ್ರಶ್ನೆಯ ಗುರುತು. ಮೊದಲು ನೀರು ಕುಡಿಯುವ ಮಗ್ಗು ಅಂದುಕೊಂಡೆ. ಕೂಡಿಸಿ ಇನ್ನೊಮ್ಮೆ ಓದಿದೆ. ಅಷ್ಟರಲ್ಲಿ ಕೆಳಗಿನ ಸಾಲು ಕಣ್ಣಿಗೆ ಬಿತ್ತು. ‘ಟ್ರಂಕು ಬಿಚ್ಚುವ ಮೊದಲೇ ಮಗನನ್ನು ಕೇಳುತ್ತಿದ್ದಾಳೆ ನೋಡಿ’ ಎಂದು ಅತ್ತೆ ಅನ್ನುತ್ತಾಳೆ, ಮನೆಯವರೆಲ್ಲ ನಗುತ್ತಾರೆ.

ಪುಸ್ತಕ ಮುಚ್ಚಿದೆ.

ಎಂಥ ಹುಚ್ಚು ವಿಚಾರಗಳು ಬಂದವು ಕೇಳಬೇಡಿ. ಹಿಂಬದಿಯಲ್ಲಿದ್ದ ಬರಹಗಾರ್ತಿಯ ಫೋಟೋ ನೋಡಿದೆ. ಕನ್ನಡಕದ ಹುಡುಗಿ. ಎಲ್ಲಿಯಾದರೂ ಬಸ್ಸಿನಲ್ಲಿ ನಮ್ಮ ಹಿಂದಿನ ಸೀಟಿನಲ್ಲಿ ಕೂತಿದ್ದಳೇ? ಯಾರದೋ ಮದುವೆಯಲ್ಲಿ ನಮ್ಮ ಪಂಕ್ತಿಯಲ್ಲಿ ಉಂಡಿದ್ದಳೇ? ಕದ್ದಳೇ? ಹೀಗೆ ಅರ್ಧ ದಿನ ಆಕೆಯನ್ನು ಕಳ್ಳಿ ಮಾಡಿ ನೋಡಿದೆ. ಅದರಲ್ಲೊಂದು ಸಮಾಧಾನವಿತ್ತು. ಕಳುವಾಗಿದ್ದರೆ ಅದು ನನ್ನದಾಗಿತ್ತು ಎಂದಾದರೂ ಆಗುತ್ತಿತ್ತು. ಸಂಜೆಯ ಹೊತ್ತಿಗೆ ಅದಕ್ಕಿಂತ ಕೆಟ್ಟ ವಿಚಾರ ಬಂತು. ಯಾರೂ ಏನೂ ಕದ್ದಿಲ್ಲ. ಈ ಗಡಿಯುದ್ದಕ್ಕೂ ಮರಾಠಿ ಹುಡುಗಿ ಹೊಕ್ಕ ಕನ್ನಡ ಮನೆಗಳಲ್ಲೆಲ್ಲ ಇದು ನಡೆದಿದೆ. ಇದು ಶಾಲನ್‌ಳದ್ದಲ್ಲ, ಎಲ್ಲರದು.

ಆಮೇಲೆ ಆ ಪುಸ್ತಕ ಓದುವುದೆಂದರೆ ನನಗೆ ಆಸ್ಪತ್ರೆಯಲ್ಲಿ ರಿಪೋರ್ಟಿಗೆ ಕಾದು ಕೂತಂತೆ ಆಯಿತು. ಇನ್ನು ಶಾಲನ್‌ಳದು ಯಾವುದು ಇದರಲ್ಲಿ ಬರುತ್ತದೋ, ಯಾವುದು ಹೋಗುತ್ತದೋ. ಅಕ್ಕಿ ಅಳೆಯುವಾಗ ಒಂದು ಎನ್ನುವ ಬದಲು ‘ಲಾಭ’ ಎಂದು ಆ ಸೊಸೆ ಎಣಿಸಿದಳು. ಇರಲಿ, ಅದು ನಮ್ಮ ಪೇಟೆಯಲ್ಲೂ ಇದ್ದದ್ದೇ. ಬೈಯುವಾಗ ಕನ್ನಡ, ಎಣಿಸುವಾಗ ಮರಾಠಿ. ಇದೂ ಹೋಯಿತು. ಸಿಟ್ಟು ಬಂದಾಗ ಪಾತ್ರೆಗಳ ಜೊತೆ ಮಾತಾಡುವುದು. ಅಯ್ಯೋ, ಇದೂ! ಒಂದೊಂದು ಪುಟಕ್ಕೆ ನನ್ನ ಹೆಂಡತಿ ಒಂದೊಂದು ಗುಂಜಿ ಕಡಿಮೆಯಾಗುತ್ತಿದ್ದಳು. ಆ ಪುಸ್ತಕದ ಸೊಸೆ ಮಾತ್ರ ಮುಂದೆ ಮುಂದೆ ಜಾಣೆಯಾದಳು. ವಕೀಲ ಗಂಡ ತಿದ್ದಿದ, ಆಕೆ ಆ ಶಬ್ದವನ್ನು ಬಿಟ್ಟಳು. ಬಿಟ್ಟ ದಿನ ಆಕೆಗೆ ಬಹಳ ಬೇಸರವಾಯಿತೆಂದು ಎರಡು ಪುಟ ಬರೆದಿದ್ದಾರೆ. ನಮ್ಮಾಕೆ ಬಿಡಲಿಲ್ಲವಲ್ಲ ಎಂದುಕೊಂಡೆ. ಅದು ಅವಳ ಹಟವೋ ದಡ್ಡತನವೋ ನನಗೆ ಗೊತ್ತಿರಲಿಲ್ಲ.

ಸುಜಾತಾ ಬಂದಾಗ ಜಗಳವೇ ಆಯಿತು.

“ನಿನಗ ಖುಷಿ ಆಗಲಿಲ್ಲೇನಪಾ? ಅವ್ವನಂಥಾಕಿ ಇಂಗ್ಲಿಷ್ ಪುಸ್ತಕದಾಗ ಬಂದಾಳ.”

“ನಿಮ್ಮವ್ವನಂಥಾಕಿ ಯಾರೂ ಇಲ್ಲ.”

“ಅಲ್ಲ ಅಂತ ಯಾರ ಅಂದ್ರು? ನಮ್ಮ ಕಡೀದು ಎಲ್ಲಾ ಮಂದೀಗೆ ಗೊತ್ತಾತಲ್ಲ. ಅದಕ್ಕ ಸಂಸ್ಕೃತಿ ಅಂತಾರ.”

“ಏನರ ಅನ್ಲಿ ಬಿಡು. ನಮ್ಮ ಮನ್ಯಾಗ ಮಗ್ಗ ಇತ್ತು. ಆ ವಕೀಲನ ಮನ್ಯಾಗ ಐತೇನು ಮಗ್ಗ?”

ಮಗಳು ನನ್ನನ್ನೇ ನೋಡಿದಳು. ತಾನು ಕಲಿಸುವ ಹುಡುಗರು ಉತ್ತರ ತಪ್ಪಿದಾಗ ನೋಡುವ ನೋಟವಲ್ಲ, ಜ್ವರ ಬಂದವರ ಹಣೆ ಮುಟ್ಟುವ ಮೊದಲು ನೋಡುವ ನೋಟ. “ಇಲ್ಲಪಾ, ಮಗ್ಗ ಇಲ್ಲ,” ಎಂದು ಮೆಲ್ಲಗೆ ಹೇಳಿ ಡಬ್ಬಿಗಳ ಕಡೆ ಹೋದಳು.

ಸಂಸ್ಕೃತಿ ಅಂದರೆ ಬಹಳ ಮನೆಗಳಲ್ಲಿ ನಡೆಯುವುದು, ಸರಿ. ಸಾವು ನಡೆದದ್ದು ನನ್ನ ಒಂದೇ ಮನೆಯಲ್ಲಿ. ಆದರೆ ಮಗ್ಗವೊಂದು ಉಳಿಯಿತಲ್ಲ ಎಂದು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಅಪ್ಪ ಗಾಬರಿಯಾಗಿ ಓಡಿ ಬಂದದ್ದು ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಖಾತ್ರಿ ಮಾಡಿಕೊಳ್ಳಬೇಕು ಅನ್ನಿಸಿತು. ಯಾರನ್ನು ಕೇಳುವುದು? ಒಂದು ಐತವಾರ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಖಾನಾಪುರದ ಬಸ್ಸು ಹತ್ತಿದೆ. ಪೀರನವಾಡಿ ದಾಟುವುದರೊಳಗೆ ಹೊರಟದ್ದು ತಪ್ಪಾಯಿತು ಅನ್ನಿಸಿತು. ದೇಸೂರು ಬರುವಾಗ ಇಳಿದು ತಿರುಗಿ ಹೋಗಿಬಿಡಲೇ ಅನ್ನಿಸಿತು. ಇಳಿಯುವುದಕ್ಕೂ ಧೈರ್ಯ ಬೇಕು, ಹಾಗಾಗಿ ಖಾನಾಪುರ ಮುಟ್ಟಿದೆ.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಶಾಲನ್‌ಳ ಅಣ್ಣನ ಮನೆ. ಅಣ್ಣ ಈಗಿಲ್ಲ. ಅವರ ಹೆಂಡತಿ ಕಮಲ ವೈನಿ, ಮಗ ಸೊಸೆಯರ ಜೊತೆ ಇದ್ದಾರೆ. ಅಣ್ಣನ ಹೆಂಡತಿಯನ್ನು ಶಾಲನ್ ವೈನಿ ಅನ್ನುತ್ತಿದ್ದಳು, ಅದೇ ನನ್ನ ಬಾಯಿಗೂ ಬಂದಿದೆ. ವೈನಿ ಮದುವೆಯಾಗಿ ಆ ಮನೆಗೆ ಬಂದಾಗ ಶಾಲನ್ ಇನ್ನೂ ಲಂಗದ ಹುಡುಗಿ. ತಲೆ ಬಾಚಿ ಬೆಳೆಸಿದವರು ಇವರೇ.

“ಅಗ ಬಾಯಿ, ಭಾವಜಿ! ಬರ್ರಿ, ಕುಂದರ್ರಿ. ಎಷ್ಟ ಸೊರಗೀರಿ. ಚಾಕ್ಕ ಸಕ್ಕರಿ ನಡೀತೈತೇನ್ರಿ?”

“ನಡೀತೈತ್ರಿ ವೈನಿ.”

ಚಹಾ ಬಂತು. ಪುಸ್ತಕ ತೆಗೆದು, ಓರೆ ಅಕ್ಷರದ ಸಾಲು ತೋರಿಸಿ, ಕನ್ನಡದಲ್ಲಿ ಬಿಡಿಸಿ ಹೇಳಿದೆ. ವೈನಿ ಬಾಯಿ ತೆರೆದು ನಕ್ಕರು. ನಕ್ಕದ್ದಕ್ಕೆ ಕೆಮ್ಮು ಬಂತು.

“ಇಂಗ್ಲಿಷಿನ್ಯಾಗೂ ಹೋತೇನ ನಮ್ಮ ಮಗ್! ಕನ್ನಡ ಮನಿಗೆ ಕೊಟ್ಟ ನಮ್ಮ ಹುಡುಗ್ಯಾರ ಎಲ್ಲಾರ ಗತೀನೂ ಇದ ಭಾವಜಿ. ನಮ್ಮವ್ವನ ತಂಗಿ, ನಮ್ಮ ಮಾವಶಿ, ಆಕಿ ಮಗಳು ಮಾವನ್ನ ಮಗಾ ಅಂದು ತವರಿಗೆ ಓಡಿ ಬಂದಿದ್ಲು.”

“ಖರೇ ರೀ. ಆದ್ರ ನಮ್ಮ ಮನ್ಯಾಗ ಅಪ್ಪಗ ಮಗ್ಗ ಅಂತ ಕೇಳಿಸಿತ್ತಲ್ರಿ, ಅದು...”

“ಖಾಸಬಾಗಕ್ಕ ಕೊಟ್ಟವರೆಲ್ಲಾ ಅದನ್ನ ಹೇಳ್ತಾರಲ್ರಿ! ವಡಗಾವಿಗೆ ಕೊಟ್ಟವರೂ ಹೇಳ್ತಾರ. ಮಗ್ಗ ಇದ್ದ ಮನ್ಯಾಗ ಮತ್ತೇನ ಕೇಳಿಸಬೇಕು?”

ನಾನು ಚಹಾದ ಬಟ್ಟಲು ಕೆಳಗಿಟ್ಟೆ. ಅದೂ ಹೋಯಿತು. ನನ್ನ ಮುಖ ಹೇಗಾಗಿತ್ತೋ, ವೈನಿ ನಗು ನಿಲ್ಲಿಸಿದರು.

“ಯಾಕ್ರಿ, ಏನಾತು?”

“ಏನಿಲ್ರಿ ವೈನಿ. ಆಕೀದು ಅಂತ ಒಂದರ ಇರ್ಲಿ ಅಂತ ಮಾಡಿದ್ದೆ. ಎಲ್ಲಾ ತಪ್ಪೂ ಎಲ್ಲಾರೂ ಮಾಡ್ಯಾರ.”

“ಆದ್ರ ಎಲ್ಲಾರೂ ಬಿಟ್ರಲ್ಲ,” ಅಂದರು ವೈನಿ. “ಎರಡ ತಿಂಗಳಿನ್ಯಾಗ ಬಿಟ್ರು. ಶಾಲನ್ ಬಿಡಲಿಲ್ಲ. ಯಾಕ ಬಿಡಲಿಲ್ಲ, ಗೊತ್ತದ ಏನು ನಿಮಗ?”

“ನಾಲಗಿ ತಿರುಗಲಿಲ್ಲ...”

“ನಾಲಗಿ! ಆಕಿ ನಿಮಗಿಂತ ಚಲೋ ಕನ್ನಡ ಮಾತಾಡ್ತಿದ್ಲು.”

ಆಮೇಲೆ ವೈನಿ ಹೇಳಿದ್ದು ಇದು. ಮದುವೆಯಾದ ವರ್ಷದ ಪಂಚಮಿಗೆ ತವರಿಗೆ ಬಂದಾಗ ಶಾಲನ್ ಅವರ ಮುಂದೆ ಅತ್ತಿದ್ದಳಂತೆ. ನಾನು ನೋಡಿದ ಎಮ್ಮೆಯ ಕಥೆಯ ದಿನ ಮೊದಲನೆಯದಲ್ಲ. ಅದಕ್ಕೂ ಮುಂಚೆ, ನಾನು ಅಂಗಡಿಯಲ್ಲಿದ್ದಾಗ, ಅವ್ವ ಅಡುಗೆಮನೆಯಲ್ಲಿ ಏನೋ ಹೇಳುತ್ತಿದ್ದಳು. ಶಾಲನ್ ‘ಮಗ್?’ ಅಂದಳು. ಅವ್ವ ಕೈಯಲ್ಲಿದ್ದ ರೊಟ್ಟಿ ಬಿಟ್ಟು ಗೋಡೆಗೆ ಮುಖ ಮಾಡಿ ಅಳತೊಡಗಿದಳು. ಈ ಹುಡುಗಿಗೆ ಜೀವವೇ ಹೋದಂತಾಯಿತು. ಪಕ್ಕದ ಮನೆಗೆ ಓಡಿಹೋಗಿ ಆ ಶಬ್ದಕ್ಕೆ ಕನ್ನಡದಲ್ಲಿ ಏನು ಅರ್ಥ ಎಂದು ಕೇಳಿ ತಿಳಿದುಕೊಂಡಳು. ತಿರುಗಿ ಬಂದು ಅತ್ತೆಯ ಕಾಲು ಹಿಡಿದು, ಇನ್ನು ಸಾಯುವತನಕ ಆ ಶಬ್ದ ಆಡುವುದಿಲ್ಲ ಎಂದಳು.

“ಆವಾಗ ನಿಮ್ಮವ್ವ ಏನ ಅಂದ್ರು ಅಂತೀರಿ? ‘ಬಿಡಬ್ಯಾಡವಾ. ಅಂವ ಹೋದಾಗಿಂದ ಈ ಮನ್ಯಾಗ ಮಗಾ ಅನ್ನೂ ಮಾತು ಯಾರೂ ಬಾಯಾಗ ತರವಲ್ರು. ಅಂಜತಾರ. ನೀ ಅನ್ನು. ನನ್ನ ಕಿವಿಗೆ ಬೀಳ್ಲಿ.’ ಹಂಗಂದ್ರಂತ. ಇಬ್ರೂ ಕೂಡಿ ಅತ್ತಾರ. ಎಮ್ಮೀದೂ ಅವರ ಆಟಾನ ಭಾವಜಿ. ನಿಮ್ಮನ್ನ ಬಾಗಲದಾಗ ಕಂಡು ಎಮ್ಮಿ ಕಥಿ ತಗದ್ರಂತ ನಿಮ್ಮವ್ವ.”

ನಿಜ. ಬಸು ಹೋದಮೇಲೆ ನಾವು ಯಾರೂ ಆ ಶಬ್ದ ಆಡುತ್ತಿರಲಿಲ್ಲ. ಅಪ್ಪ ನನ್ನನ್ನು ಸಹ ‘ಇಂವಾ’ ಅನ್ನುತ್ತಿದ್ದ. ಹಾಗೆ ಮಾಡುತ್ತಿದ್ದೇವೆ ಎಂಬುದು ಈ ಕ್ಷಣದವರೆಗೆ ನನಗೆ ಗೊತ್ತಿರಲಿಲ್ಲ. ಮನೆಯೊಳಗಿನ ಗಂಡಸರಿಗೆ ಕಾಣದ್ದು ಖಾನಾಪುರದಲ್ಲಿ ಕೂತಿದ್ದ ವೈನಿಗೆ ಗೊತ್ತಿತ್ತು.

“ನನಗ ಯಾಕ ಹೇಳಲಿಲ್ಲ ವೈನಿ ಆಕಿ?”

“ನಿಮಗ ಹೇಳಿದ್ರ ನೀವು ನಗೂದು ಬಿಡ್ತಿದ್ರಿ. ನೀವು ನಗೂದು ಆಕಿಗೆ ಬೇಕಾಗಿತ್ತು.”

ಅವ್ವ ತೀರಿಕೊಂಡಮೇಲೂ ಅವಳು ಅದನ್ನು ಬಿಟ್ಟಿರಲಿಲ್ಲ ಎಂಬುದು ನೆನಪಾಯಿತು. ಆಗ ಯಾರ ಕಿವಿಗೆ ಬೀಳಲಿ ಎಂದಿದ್ದಳೋ.

ಪುಸ್ತಕ ನನ್ನ ತೊಡೆಯ ಮೇಲೆ ತೆರೆದೇ ಇತ್ತು. ಆ ಬರೆದಾಕೆಯ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿದಿತ್ತು. ಪಾಪ, ಬಾಗಿಲಲ್ಲಿ ನಿಂತವರಿಗೆ ಎಷ್ಟು ಕಾಣುತ್ತದೋ ಅಷ್ಟನ್ನು ಚೆನ್ನಾಗಿಯೇ ಬರೆದಿದ್ದಾಳೆ. ನಾನೂ ಅಷ್ಟು ವರ್ಷ ಅದೇ ಬಾಗಿಲಲ್ಲೇ ನಿಂತಿದ್ದೆ. ಒಳಗೆ ಕರೆದಿದ್ದರೆ ಹೋಗುತ್ತಿದ್ದೆನೋ ಇಲ್ಲವೋ.

ಆಮೇಲೆ ಬೇರೆ ಭಯ ಶುರುವಾಯಿತು. ಇದೊಂದು ಹೀಗಿದ್ದರೆ ಮಿಕ್ಕವು? ನಾನು ದಡ್ಡತನ ಅಂದುಕೊಂಡು ದಿನಾ ಬಾಯಿಪಾಠ ಮಾಡುತ್ತಿದ್ದ ಆ ತಪ್ಪುಗಳಲ್ಲಿ ಯಾವುದು ತಪ್ಪು, ಯಾವುದು ಅಲ್ಲ? ಯಾರನ್ನು ಕೇಳಬೇಕು?

“ಇನ್ನೂ ಏನರ ಹೇಳಿದ್ಲೇನ್ರಿ ವೈನಿ ನಿಮಗ? ನಮ್ಮ ಮನೀದು?”

“ಅಯ್ಯ, ಎಷ್ಟೋ ಅದಾವ. ಹಂಗ ಒಮ್ಮಿಗಲೇ ಕೇಳಿದ್ರ ಹೆಂಗ ನೆನಪಾಗಬೇಕು? ಮುಂದಿನ ಐತವಾರ ಬರ್ರಿ, ಊಟಕ್ಕ ಬರ್ರಿ. ನಿಮ್ಮ ಬಸ್ಸಿನ ಹೊತ್ತಾತು.” ವೈನಿ ಗೋಡೆ ಹಿಡಿದು ಎದ್ದರು. ಕಾಲು ಬಾತಿದ್ದವು. ಎರಡು ಹೆಜ್ಜೆ ಇಟ್ಟು ತಿರುಗಿ ನೋಡಿದರು. “ತಡೀರಿ, ಚಾ ಕುಡದ ಹೋಗ್ರಿ. ಸಕ್ಕರಿ ನಡೀತೈತೇನ್ರಿ?”

ಆಗಲೇ ಕುಡಿದಿಟ್ಟ ಖಾಲಿ ಬಟ್ಟಲು ನನ್ನ ಕಾಲ ಹತ್ತಿರವೇ ಇತ್ತು.

ಹೊರಗೆ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ‘ಬೆಳಗಾವಿ, ಬೆಳಗಾವಿ’ ಎಂದು ಕೂಗುತ್ತಿದ್ದ. ನಾನು ಪುಸ್ತಕವನ್ನು ಚೀಲದಲ್ಲಿಟ್ಟು, ಚೀಲವನ್ನು ಗೋಡೆಗೆ ಒರಗಿಸಿದೆ.

“ನಡೀತೈತ್ರಿ ವೈನಿ,” ಅಂದೆ. “ಆದ್ರ ಚಾ ಆಮ್ಯಾಲೆ ಮಾಡೂಣು. ನೀವು ಕುಂದರ್ರಿ. ಇವತ್ತ ಹೇಳ್ರಿ.”

“ಬಸ್ಸು?”

“ಹೋಗ್ಲಿ.”

ವೈನಿ ಮೆಲ್ಲಗೆ ಕೂತರು. “ಯಾವುದು ಹೇಳ್ಲಿ?”

“ಯಾವುದು ನೆನಪಾಗತೈತಿ ಅದು,” ಎಂದು ನಾನು ಕುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡೆ.